ಐರೋಪ್ಯ ಒಕ್ಕೂಟದಲ್ಲಿ ದತ್ತಾಂಶ ಸಂರಕ್ಷಣೆ: ಕಾನೂನಿನ ಹಿನ್ನೆಲೆ ಮತ್ತು ಜಾರಿಯ ಸಮಸ್ಯೆಗಳು

ವೈಯಕ್ತಿಕ ದತ್ತಾಂಶಗಳ ಸಂರಕ್ಷಣೆಯನ್ನು ಕುರಿತ ಚಿಂತನೆ ಗಣಕಯಂತ್ರದ ಬಳಕೆಯೊಂದಿಗೆ ಆರಂಭವಾಯಿತೆಂಬ ಅಭಿಪ್ರಾಯ ಸಾಮಾನ್ಯವಾಗಿ ಪ್ರಚಲಿತವಾಗಿದೆ. ಯುರೋಪಿನ ಮಟ್ಟಿಗೆ ಇದು ಅರ್ಧಸತ್ಯ ಮಾತ್ರ. ಕಾನೂನು ಹುಟ್ಟಿದ್ದು ಗಣಕಯಂತ್ರದ ಕಾಲದಲ್ಲಿಯಾದರೂ ಅದರ ಹಿಂದಿದ್ದ ಭಯ ಕಾಗದದ ಕಾಲದ್ದು. 1930ರ ದಶಕದ ನೆದರ್ಲೆಂಡ್ಸ್ ದೇಶ ತನ್ನ ಜನಸಂಖ್ಯಾ ದಾಖಲೆಗಳ ಅಚ್ಚುಕಟ್ಟುತನಕ್ಕೆ ಹೆಸರಾಗಿತ್ತು. ಪ್ರತಿಯೊಬ್ಬ ನಿವಾಸಿಗೂ ಒಂದು ಚೀಟಿ; ಆ ಚೀಟಿಯಲ್ಲಿ ಹೆಸರು, ವಿಳಾಸ, ಹುಟ್ಟಿದ ದಿನ ಇವುಗಳ ಜೊತೆಗೆ ಧರ್ಮದ ಉಲ್ಲೇಖವೂ ಇತ್ತು. ಇದನ್ನು ಯಾರೂ ದುರುದ್ದೇಶದಿಂದ ಬರೆದಿರಲಿಲ್ಲ. ಆದರೆ 1940ರಲ್ಲಿ ಜರ್ಮನಿಯ ಸೇನೆ ದೇಶವನ್ನು ಆಕ್ರಮಿಸಿದ ಮೇಲೆ ಅದೇ ದಾಖಲೆಗಳು ಯಹೂದ್ಯರನ್ನು ಗುರುತಿಸುವ ಸಾಧನಗಳಾದವು. 1943ರ ಮಾರ್ಚ್ 27ರ ರಾತ್ರಿ ಪ್ರತಿರೋಧ ಚಳವಳಿಯ ಕಾರ್ಯಕರ್ತರು ಆಮ್‌ಸ್ಟರ್‌ಡಾಮ್ ನಗರದ ಜನಸಂಖ್ಯಾ ದಾಖಲೆಗಳ ಕಚೇರಿಗೆ ಬೆಂಕಿಯಿಟ್ಟರು. ನಾಶವಾದದ್ದು ಚೀಟಿಗಳ ಒಂದು ಸಣ್ಣ ಭಾಗ ಮಾತ್ರ. ಆ ದೇಶದ ಯಹೂದ್ಯರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಹತರಾದರು. ಇದಕ್ಕೆ ಇತಿಹಾಸಕಾರರು ಆಡಳಿತದ ಸ್ವರೂಪ, ಭೂಗುಣ ಮೊದಲಾದ ಬೇರೆ ಕಾರಣಗಳನ್ನೂ ಕೊಡುತ್ತಾರೆ. ಎಲ್ಲವನ್ನೂ ದಾಖಲೆಗಳ ಮೇಲೆ ಹೊರಿಸಲಾಗದು. ಆದರೂ ಒಂದು ಉದ್ದೇಶಕ್ಕಾಗಿ ಸಂಗ್ರಹಿಸಿದ ಮಾಹಿತಿ ಇನ್ನೊಂದು ಉದ್ದೇಶಕ್ಕೆ ಬಳಕೆಯಾದಾಗ ಏನಾಗಬಹುದೆಂಬುದಕ್ಕೆ ಯುರೋಪಿನ ನೆನಪಿನಲ್ಲಿ ಉಳಿದಿರುವ ನಿದರ್ಶನ ಇದು. ಇಂದಿನ ಕಾನೂನಿನಲ್ಲಿ ‘ಉದ್ದೇಶದ ಮಿತಿ’ ಎಂದು ಕರೆಯಲಾಗುವ ತತ್ತ್ವವನ್ನು ಈ ಹಿನ್ನೆಲೆಯಲ್ಲಿಯೇ ಅರ್ಥಮಾಡಿಕೊಳ್ಳಬೇಕಾಗುತ್ತದೆ.

ಕಾನೂನಿನ ಉಗಮ

ಜಗತ್ತಿನ ಮೊದಲ ದತ್ತಾಂಶ ಸಂರಕ್ಷಣಾ ಕಾನೂನು ಜಾರಿಗೆ ಬಂದದ್ದು 1970ರಲ್ಲಿ, ಆಗಿನ ಪಶ್ಚಿಮ ಜರ್ಮನಿಯ ಹೆಸ್ಸೆನ್ ರಾಜ್ಯದಲ್ಲಿ. ಸರ್ಕಾರಿ ಕಚೇರಿಗಳ ದಾಖಲೆಗಳಿಗೆ ಮಾತ್ರ ಅನ್ವಯಿಸುತ್ತಿದ್ದ ಈ ಪುಟ್ಟ ಕಾಯಿದೆಯ ವೈಶಿಷ್ಟ್ಯವಿದ್ದುದು ಅದರ ಪಾಲನೆಯನ್ನು ನೋಡಿಕೊಳ್ಳಲು ಒಬ್ಬ ಸ್ವತಂತ್ರ ಆಯುಕ್ತನನ್ನು ನೇಮಿಸಿದುದರಲ್ಲಿ. 1975ರಿಂದ 1991ರವರೆಗೆ ಆ ಹುದ್ದೆಯಲ್ಲಿದ್ದ ಸ್ಪಿರೋಸ್ ಸಿಮಿಟಿಸ್ ಈ ಶಾಸ್ತ್ರದ ಪ್ರವರ್ತಕರಲ್ಲೊಬ್ಬರೆಂದು ಗಣಿತರಾಗಿದ್ದಾರೆ. 1973ರಲ್ಲಿ ಸ್ವೀಡನ್ ರಾಷ್ಟ್ರಮಟ್ಟದ ಮೊದಲ ಕಾಯಿದೆಯನ್ನು ರೂಪಿಸಿತು. ‘ದತ್ತಾಂಶ ಸಂರಕ್ಷಣೆ’ ಎಂಬ ಹೆಸರು ಜರ್ಮನ್ ಭಾಷೆಯಿಂದ ಬಂದುದು; ಹೆಸರು ಸ್ವಲ್ಪ ದಾರಿತಪ್ಪಿಸುವಂಥದ್ದು. ಈ ಕಾನೂನುಗಳು ರಕ್ಷಿಸಹೊರಟಿದ್ದು ದತ್ತಾಂಶಗಳನ್ನಲ್ಲ, ಅವು ಯಾರ ಕುರಿತಾಗಿವೆಯೋ ಆ ಮನುಷ್ಯರನ್ನು.

ಫ್ರಾನ್ಸ್ ದೇಶದಲ್ಲಿ ಕಾನೂನಿಗೆ ಕಾರಣವಾದದ್ದು ಒಂದು ಪತ್ರಿಕಾ ವರದಿ. ನಾಗರಿಕರ ಕುರಿತ ಎಲ್ಲ ಆಡಳಿತ ಕಡತಗಳನ್ನು ಒಂದೇ ಗುರುತಿನ ಸಂಖ್ಯೆಯ ಮೂಲಕ ಜೋಡಿಸುವ ಯೋಜನೆಯೊಂದು ಅಲ್ಲಿ ಸಿದ್ಧವಾಗುತ್ತಿತ್ತು. ಆ ಯೋಜನೆಯ ಸಂಕ್ಷಿಪ್ತ ನಾಮ ‘ಸಫಾರಿ’. 1974ರ ಮಾರ್ಚ್ 21ರಂದು ‘ಲ ಮೋಂದ್’ ಪತ್ರಿಕೆ ಇದನ್ನು ಬಯಲಿಗೆಳೆದಾಗ, ಇದು ಫ್ರೆಂಚರ ಬೇಟೆಯೆಂಬ ಅರ್ಥ ಬರುವಂತೆ ಶೀರ್ಷಿಕೆ ಕೊಟ್ಟಿತು. ಅಧಿಕಾರಿಗಳು ಬೇರೊಂದು ಹೆಸರನ್ನು ಆರಿಸಿಕೊಂಡಿದ್ದರೆ ಜನರ ಆಕ್ರೋಶ ಅಷ್ಟು ತೀವ್ರವಾಗುತ್ತಿತ್ತೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಯೋಜನೆ ನಿಂತಿತು, ವಿಚಾರಣಾ ಸಮಿತಿ ರಚನೆಯಾಯಿತು, 1978ರ ಜನವರಿ 6ರಂದು ಕಾಯಿದೆ ಬಂದಿತು. ಸಿ.ಎನ್.ಐ.ಎಲ್. ಎಂದು ಪ್ರಸಿದ್ಧವಾಗಿರುವ ಮೇಲ್ವಿಚಾರಣಾ ಆಯೋಗ ಅದರ ಫಲ.

ಇವೆಲ್ಲಕ್ಕಿಂತ ತಾತ್ತ್ವಿಕವಾಗಿ ಮಹತ್ತ್ವದ್ದು ಪಶ್ಚಿಮ ಜರ್ಮನಿಯ ಸಂವಿಧಾನ ನ್ಯಾಯಾಲಯವು 1983ರ ಡಿಸೆಂಬರ್ 15ರಂದು ನೀಡಿದ ಜನಗಣತಿ ತೀರ್ಪು. ಆ ವರ್ಷ ನಡೆಯಬೇಕಿದ್ದ ಜನಗಣತಿಯ ವಿರುದ್ಧ ನಾಗರಿಕರು ನ್ಯಾಯಾಲಯದ ಮೊರೆಹೊಕ್ಕಿದ್ದರು. ತನ್ನ ಬಗ್ಗೆ ಯಾರಿಗೆ, ಏನು, ಯಾವಾಗ ತಿಳಿದಿದೆಯೆಂಬುದನ್ನು ಅರಿಯಲಾಗದ ಮನುಷ್ಯ ಸಭೆಗೆ ಹೋಗಲು, ಸಂಘ ಸೇರಲು, ಭಿನ್ನವಾಗಿ ನಡೆಯಲು ಹಿಂಜರಿಯುತ್ತಾನೆ. ಇದರಿಂದ ನಷ್ಟವಾಗುವುದು ಆ ವ್ಯಕ್ತಿಗೆ ಮಾತ್ರವಲ್ಲ, ಪ್ರಜಾಪ್ರಭುತ್ವಕ್ಕೂ ಹೌದು ಎಂಬುದು ನ್ಯಾಯಾಲಯದ ತರ್ಕ. ‘ಮಾಹಿತಿಯ ಸ್ವನಿರ್ಣಯ’ ಎಂಬ ಹಕ್ಕನ್ನು ಅದು ಮಾನವ ಘನತೆ ಹಾಗೂ ವ್ಯಕ್ತಿತ್ವ ವಿಕಾಸದ ಹಕ್ಕುಗಳಿಂದ ವ್ಯುತ್ಪಾದಿಸಿತು. ಯಂತ್ರಗಳು ಮಾಹಿತಿಯನ್ನು ಪರಸ್ಪರ ಜೋಡಿಸಬಲ್ಲ ಕಾಲದಲ್ಲಿ ಕ್ಷುಲ್ಲಕವಾದ ಮಾಹಿತಿ ಎಂಬುದೇ ಇಲ್ಲ ಎಂದೂ ಅದು ಅಭಿಪ್ರಾಯಪಟ್ಟಿತು. ಖಾಸಗಿತನವೆಂದರೆ ಬಾಗಿಲು ಮುಚ್ಚಿಕೊಂಡಿರುವ ಹಕ್ಕು ಎಂಬ ಹಳೆಯ ಗ್ರಹಿಕೆಯಿಂದ ಯುರೋಪು ಹೊರಬಂದದ್ದು ಇಲ್ಲಿ.

ಯುರೋಪ್ ಮಂಡಳಿಯ 1981ರ ಒಡಂಬಡಿಕೆಯನ್ನು ದಾಟಿ ಐರೋಪ್ಯ ಒಕ್ಕೂಟ 1995ರಲ್ಲಿ ಒಂದು ನಿರ್ದೇಶವನ್ನು ಹೊರಡಿಸಿತು. ನಿರ್ದೇಶ ಎಂದರೆ ಸದಸ್ಯ ರಾಷ್ಟ್ರಗಳು ತಮ್ಮತಮ್ಮ ಕಾಯಿದೆಗಳ ಮೂಲಕ ಅಳವಡಿಸಿಕೊಳ್ಳಬೇಕಾದ ಮಾದರಿ. ಇದರಿಂದಾಗಿ ಒಂದೇ ಹಕ್ಕಿಗೆ ದೇಶಕ್ಕೊಂದು ಬೆಲೆ ಬಂದಿತು. ಸ್ವೀಡನ್ನಿನ ಚರ್ಚೊಂದರ ಕಾರ್ಯಕರ್ತೆ ತನ್ನ ಅಂತರ್ಜಾಲ ಪುಟದಲ್ಲಿ ಸಹೋದ್ಯೋಗಿಯೊಬ್ಬರ ಕಾಲಿಗೆ ಪೆಟ್ಟಾದ ವಿಷಯ ಬರೆದುದಕ್ಕೆ ಮೊಕದ್ದಮೆ ಎದುರಿಸಬೇಕಾಯಿತು. ಅದು ಆರೋಗ್ಯದ ಕುರಿತ ಸೂಕ್ಷ್ಮ ಮಾಹಿತಿಯೇ ಹೌದೆಂದು ಒಕ್ಕೂಟದ ನ್ಯಾಯಾಲಯ 2003ರಲ್ಲಿ ಒಪ್ಪಿತು. ಇನ್ನೊಂದೆಡೆ, ಕೇಂಬ್ರಿಜ್ ಅನಾಲಿಟಿಕಾ ಹಗರಣದಲ್ಲಿ ಬ್ರಿಟನ್ನಿನ ಆಯುಕ್ತರು 2018ರಲ್ಲಿ ಫೇಸ್‌ಬುಕ್ಕಿಗೆ ವಿಧಿಸಬಹುದಾಗಿದ್ದ ಗರಿಷ್ಠ ದಂಡ ಹಳೆಯ ಕಾಯಿದೆಯಂತೆ 5 ಲಕ್ಷ ಪೌಂಡ್ ಮಾತ್ರ.

2016ರ ನಿಯಮಾವಳಿ

ಈ ಕೊರತೆಯನ್ನು ನೀಗಿಸಲು ಐರೋಪ್ಯ ಆಯೋಗ 2012ರ ಜನವರಿಯಲ್ಲಿ ಹೊಸ ಮಸೂದೆಯನ್ನು ಮಂಡಿಸಿತು. ಒಕ್ಕೂಟದ ಸಂಸತ್ತಿನಲ್ಲಿ ಅದಕ್ಕೆ ಸುಮಾರು 4000 ತಿದ್ದುಪಡಿಗಳು ಸೂಚಿತವಾದವು. ಇವುಗಳಲ್ಲಿ ಉದ್ಯಮಗಳ ಒತ್ತಾಯದ ಪಾಲು ಸಣ್ಣದಾಗಿರಲಿಲ್ಲ. ಅಮೆರಿಕದ ಗೂಢಚರ್ಯೆಯನ್ನು ಎಡ್ವರ್ಡ್ ಸ್ನೋಡೆನ್ 2013ರ ಜೂನ್‌ನಲ್ಲಿ ಬಯಲು ಮಾಡದಿದ್ದರೆ ಮಸೂದೆ ಇಷ್ಟು ಗಟ್ಟಿಯಾಗಿ ಉಳಿಯುತ್ತಿತ್ತೆಂದು ಹೇಳಲಾಗದು. 2014ರ ಮಾರ್ಚ್‌ನಲ್ಲಿ ಸಂಸತ್ತು ಅದನ್ನು 621 ಮತಗಳಿಂದ ಬೆಂಬಲಿಸಿತು. ವಿರೋಧಿಸಿದವರು ಕೇವಲ 10 ಮಂದಿ. 2016ರ ಏಪ್ರಿಲ್ 27ರಂದು ಅಂಗೀಕೃತವಾಗಿ 2018ರ ಮೇ 25ರಿಂದ ಅನ್ವಯವಾದ ‘ಸಾಮಾನ್ಯ ದತ್ತಾಂಶ ಸಂರಕ್ಷಣಾ ನಿಯಮಾವಳಿ’ಯೇ ಜಿ.ಡಿ.ಪಿ.ಆರ್. ಎಂಬ ಅಕ್ಷರಗಳಿಂದ ಜಗತ್ಪ್ರಸಿದ್ಧವಾಗಿರುವುದು. 99 ವಿಧಿಗಳುಳ್ಳ ಈ ನಿಯಮಾವಳಿ ನಿರ್ದೇಶದಂತಲ್ಲ. ಎಲ್ಲ ಸದಸ್ಯ ರಾಷ್ಟ್ರಗಳಲ್ಲಿಯೂ ನೇರವಾಗಿ ಕಾನೂನಾಗಿ ನಿಲ್ಲುತ್ತದೆ.

ಇದರ ವಸ್ತು ಬಹುಮಟ್ಟಿಗೆ ಹಳೆಯದೇ. ಸಮ್ಮತಿ, ಕರಾರು, ಕಾನೂನಿನ ಬಾಧ್ಯತೆ ಮುಂತಾದ ಯಾವುದಾದರೊಂದು ಆಧಾರವಿಲ್ಲದೆ ವ್ಯಕ್ತಿಯ ಮಾಹಿತಿಯನ್ನು ಸಂಸ್ಕರಿಸುವಂತಿಲ್ಲ. ಅಗತ್ಯಕ್ಕಿಂತ ಹೆಚ್ಚು ಸಂಗ್ರಹಿಸುವಂತಿಲ್ಲ. ವ್ಯಕ್ತಿ ತನ್ನ ಮಾಹಿತಿಯನ್ನು ನೋಡಲು, ತಿದ್ದಿಸಲು, ಅಳಿಸಲು ಕೇಳಬಹುದು. ಹೊಸದೆಂದರೆ ಜಾರಿಯ ಬಲ. ಸೋರಿಕೆ ತಿಳಿದ 72 ಗಂಟೆಗಳೊಳಗೆ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಗಂಭೀರ ಉಲ್ಲಂಘನೆಗೆ 2 ಕೋಟಿ ಯೂರೊ ಅಥವಾ ಸಂಸ್ಥೆಯ ಜಾಗತಿಕ ವಾರ್ಷಿಕ ವಹಿವಾಟಿನ ಶೇಕಡಾ 4, ಇವೆರಡರಲ್ಲಿ ಯಾವುದು ಹೆಚ್ಚೋ ಅಲ್ಲಿಯವರೆಗೆ ದಂಡ. ಜೊತೆಗೆ ಸಂಸ್ಕರಣೆಯನ್ನೇ ನಿಲ್ಲಿಸುವ ಆದೇಶದ ಅಧಿಕಾರವೂ ಪ್ರಾಧಿಕಾರಗಳಿಗುಂಟು. ಪತ್ರಿಕೆಗಳು ದಂಡದ ಮೊತ್ತಕ್ಕೆ ಕೊಡುವ ಮಹತ್ತ್ವವನ್ನು ಇದಕ್ಕೆ ಕೊಡುವುದಿಲ್ಲವಾದರೂ ಶ್ರೀಮಂತ ಸಂಸ್ಥೆಗಳು ದಂಡಕ್ಕಿಂತ ಹೆಚ್ಚಾಗಿ ಅಂಜುವುದು ಇದಕ್ಕೆ. 2023ರ ಮಾರ್ಚ್ ಕೊನೆಯಲ್ಲಿ ಇಟಲಿಯ ಪ್ರಾಧಿಕಾರ ಚಾಟ್‌ಜಿಪಿಟಿಯ ವಿರುದ್ಧ ಇಂಥ ತಾತ್ಕಾಲಿಕ ಆದೇಶ ಹೊರಡಿಸಿದಾಗ, ಒಂದು ತಿಂಗಳೊಳಗೆ ಆ ಸಂಸ್ಥೆ ಬದಲಾವಣೆಗಳನ್ನು ಮಾಡಿಕೊಂಡು ಮರಳಿ ಬಂದಿತು.

ನಿಯಮಾವಳಿಯ ನಿಜವಾದ ಉಪಯೋಗ ಕಾಣಿಸುವುದು ಹಲವೊಮ್ಮೆ ಮಧ್ಯಮ ಗಾತ್ರದ ಪ್ರಕರಣಗಳಲ್ಲಿ. ಪೋರ್ಚುಗಲ್ಲಿನ ಒಂದು ಆಸ್ಪತ್ರೆಯಲ್ಲಿ ವೈದ್ಯರಿದ್ದದ್ದು 296. ವೈದ್ಯರೆಂಬ ಹೆಸರಿನಲ್ಲಿ ರೋಗಿಗಳ ದಾಖಲೆ ನೋಡಬಲ್ಲ ಖಾತೆಗಳಿದ್ದದ್ದು 985. ಆ ಆಸ್ಪತ್ರೆಗೆ 2018ರಲ್ಲಿ 4 ಲಕ್ಷ ಯೂರೊ ದಂಡ ಬಿತ್ತು. ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿದ್ದ ಎಚ್ ಅಂಡ್ ಎಮ್ ಉಡುಪು ಸಂಸ್ಥೆಯ ಸೇವಾ ಕೇಂದ್ರದ ಪ್ರಕರಣ ಇನ್ನೂ ಬೋಧಪ್ರದ. ರಜೆಯಿಂದ ಮರಳಿದ ನೌಕರರನ್ನು ಮೇಲಧಿಕಾರಿಗಳು ಕರೆದು ಕುಶಲ ವಿಚಾರಿಸುತ್ತಿದ್ದರು. ಆ ಮಾತುಕತೆಯಲ್ಲಿ ಹೊರಬಿದ್ದ ಕಾಯಿಲೆಯ ಲಕ್ಷಣ, ಮನೆಯ ಜಗಳ, ಧಾರ್ಮಿಕ ನಂಬಿಕೆ ಎಲ್ಲವೂ ಗಣಕದಲ್ಲಿ ದಾಖಲಾಗಿ ಇತರ ಮೇಲಧಿಕಾರಿಗಳಿಗೂ ದೊರೆಯುವಂತಿದ್ದವು. ನೌಕರರ ಮೌಲ್ಯಮಾಪನಕ್ಕೂ ಅವು ಬಳಕೆಯಾಗುತ್ತಿದ್ದವು. 2019ರ ಅಕ್ಟೋಬರ್‌ನಲ್ಲಿ ತಾಂತ್ರಿಕ ತಪ್ಪಿನಿಂದ ಕೆಲವು ಗಂಟೆಗಳ ಕಾಲ ಈ ಕಡತಗಳು ಸಂಸ್ಥೆಯ ಎಲ್ಲರಿಗೂ ತೆರೆದುಕೊಂಡದ್ದರಿಂದ ಮಾತ್ರ ವಿಷಯ ಹೊರಬಿತ್ತು. ಹ್ಯಾಂಬರ್ಗ್‌ನ ಆಯುಕ್ತರು 2020ರಲ್ಲಿ 3.5 ಕೋಟಿ ಯೂರೊ ಮೀರಿದ ದಂಡ ವಿಧಿಸಿದರು. ಸಂಸ್ಥೆ ಕ್ಷಮೆ ಕೇಳಿ ನೌಕರರಿಗೆ ಪರಿಹಾರ ನೀಡಿತು. ಒಂದು ವರ್ಷದೊಳಗೆ ಮುಗಿದ ಪ್ರಕರಣ ಇದು. ದೊಡ್ಡ ಅಂತರ್ಜಾಲ ಸಂಸ್ಥೆಗಳ ವಿಷಯದಲ್ಲಿ ಹೀಗಾಗಲಿಲ್ಲ.

ಒಂದೇ ಕಿಂಡಿಯ ಪದ್ಧತಿ

ಹಲವು ದೇಶಗಳಲ್ಲಿ ವ್ಯವಹರಿಸುವ ಸಂಸ್ಥೆ ಪ್ರತಿಯೊಂದು ದೇಶದ ಪ್ರಾಧಿಕಾರಕ್ಕೂ ಬೇರೆಬೇರೆಯಾಗಿ ಉತ್ತರಿಸಬೇಕಾಗದಂತೆ ನಿಯಮಾವಳಿ ಒಂದು ಏರ್ಪಾಡನ್ನು ಮಾಡಿದೆ. ಒಕ್ಕೂಟದೊಳಗೆ ಸಂಸ್ಥೆಯ ಮುಖ್ಯ ಕಚೇರಿ ಎಲ್ಲಿದೆಯೋ ಅಲ್ಲಿನ ಪ್ರಾಧಿಕಾರವೇ ಅಗ್ರ ಪ್ರಾಧಿಕಾರ. ಉಳಿದವು ಅದರ ಕರಡು ನಿರ್ಣಯಕ್ಕೆ ಆಕ್ಷೇಪ ಎತ್ತಬಹುದು. ಒಮ್ಮತ ಮೂಡದಿದ್ದರೆ ಎಲ್ಲ ಪ್ರಾಧಿಕಾರಗಳ ಪ್ರತಿನಿಧಿಗಳಿರುವ ಐರೋಪ್ಯ ದತ್ತಾಂಶ ಸಂರಕ್ಷಣಾ ಮಂಡಳಿ ಬಹುಮತದಿಂದ ತೀರ್ಮಾನಿಸುತ್ತದೆ. ಕಾಗದದ ಮೇಲೆ ಇದು ವಿವೇಕದ ವ್ಯವಸ್ಥೆಯೇ. ಆದರೆ ಗೂಗಲ್, ಫೇಸ್‌ಬುಕ್, ಆಪಲ್, ಮೈಕ್ರೊಸಾಫ್ಟ್, ಟಿಕ್‌ಟಾಕ್ ಇವುಗಳ ಐರೋಪ್ಯ ಕೇಂದ್ರಗಳೆಲ್ಲ ಐರ್ಲೆಂಡಿನಲ್ಲಿವೆ. ಹೀಗಾಗಿ ಕೋಟ್ಯಂತರ ಐರೋಪ್ಯರ ಹಕ್ಕಿನ ಕಾವಲು ಒಂದು ಸಣ್ಣ ದೇಶದ ಕಚೇರಿಯ ಪಾಲಿಗೆ ಬಂದಿತು. ಆ ಕಚೇರಿ ಹಿಂದೊಮ್ಮೆ ಇದ್ದುದು ಪೋರ್ಟಾರ್ಲಿಂಗ್ಟನ್ ಎಂಬ ಪುಟ್ಟ ಊರಿನಲ್ಲಿ, ದಿನಸಿ ಅಂಗಡಿಯೊಂದರ ಪಕ್ಕದ ಕಟ್ಟಡದಲ್ಲಿ. ಮುಂದೆ ಸಿಬ್ಬಂದಿಯೂ ಅನುದಾನವೂ ಹೆಚ್ಚಿದವು. ಸಂಶಯ ಮಾತ್ರ ಉಳಿಯಿತು. ತೆರಿಗೆಗಾಗಿ, ಉದ್ಯೋಗಕ್ಕಾಗಿ ಈ ಸಂಸ್ಥೆಗಳನ್ನು ಅವಲಂಬಿಸಿದ ದೇಶ ಅವುಗಳ ಮೇಲೆ ಕಠಿಣವಾಗಿರಬಲ್ಲುದೇ ಎಂಬುದು ಆ ಸಂಶಯ.

ಇದಕ್ಕೆ ಉತ್ತರ ಹುಡುಕುವವರು ಮ್ಯಾಕ್ಸ್ ಶ್ರೆಮ್ಸ್ ಅವರ ದೂರಿನ ಇತಿಹಾಸವನ್ನು ಅವಲೋಕಿಸಬೇಕು. ಆಸ್ಟ್ರಿಯಾದ ಈ ಕಾನೂನು ವಿದ್ಯಾರ್ಥಿ 2011ರಲ್ಲಿ ತನ್ನ ಬಗ್ಗೆ ಫೇಸ್‌ಬುಕ್ಕಿನಲ್ಲಿರುವ ಮಾಹಿತಿಯನ್ನೆಲ್ಲ ಕೊಡಿರೆಂದು ಕೇಳಿದಾಗ ಅವರಿಗೆ ದೊರೆತದ್ದು 1200ಕ್ಕೂ ಹೆಚ್ಚು ಪುಟಗಳು. 2013ರ ಜೂನ್‌ನಲ್ಲಿ, ಸ್ನೋಡೆನ್ ಪ್ರಕರಣದ ಬೆನ್ನಿಗೇ, ತನ್ನ ಮಾಹಿತಿಯನ್ನು ಅಮೆರಿಕಕ್ಕೆ ರವಾನಿಸದಂತೆ ತಡೆಯಬೇಕೆಂದು ಅವರು ಐರ್ಲೆಂಡಿನ ಆಯುಕ್ತರಲ್ಲಿ ದೂರು ನೀಡಿದರು. ಆಯುಕ್ತರು ವಿಚಾರಣೆ ನಡೆಸಲೇ ಒಪ್ಪಲಿಲ್ಲ. ಅಮೆರಿಕದೊಂದಿಗಿನ 2000ದ ‘ಸುರಕ್ಷಿತ ಬಂದರು’ ಏರ್ಪಾಡು ತಮ್ಮ ಕೈಕಟ್ಟಿದೆ ಎಂಬುದು ಅವರ ನಿಲುವು. ವಿದ್ಯಾರ್ಥಿ ಹೈಕೋರ್ಟಿಗೆ ಹೋದರು. ಹೈಕೋರ್ಟು ಪ್ರಶ್ನೆಯನ್ನು ಒಕ್ಕೂಟದ ನ್ಯಾಯಾಲಯಕ್ಕೆ ಒಪ್ಪಿಸಿತು. 2015ರ ಅಕ್ಟೋಬರ್ 6ರಂದು ಆ ನ್ಯಾಯಾಲಯ ಸುರಕ್ಷಿತ ಬಂದರಿನ ಏರ್ಪಾಡನ್ನೇ ಅಸಿಂಧುಗೊಳಿಸಿತು. ದೂರಿನ ವಿಚಾರಣೆ ಆಗಲಾದರೂ ಮುಗಿಯಬಹುದಿತ್ತು. ಆಯುಕ್ತರ ಕಚೇರಿ 2016ರಲ್ಲಿ ಫೇಸ್‌ಬುಕ್ಕನ್ನೂ ದೂರುದಾರನನ್ನೂ ಪ್ರತಿವಾದಿಗಳನ್ನಾಗಿ ಮಾಡಿ ಮತ್ತೊಂದು ದಾವೆ ಹೂಡಿತು. ದೂರು ಕೊಟ್ಟವನೇ ಪ್ರತಿವಾದಿಯಾಗಿ ನಿಲ್ಲಬೇಕಾದ ಈ ವಿಚಿತ್ರ ಸನ್ನಿವೇಶ ಕಾನೂನಿನ ಇತಿಹಾಸದಲ್ಲಿ ಅಪರೂಪವೆನ್ನಬಹುದು. 2020ರ ಜುಲೈ 16ರಂದು ನ್ಯಾಯಾಲಯ ಎರಡನೆಯ ಏರ್ಪಾಡಾದ ‘ಖಾಸಗಿತನದ ಗುರಾಣಿ’ಯನ್ನೂ ಹೊಡೆದುಹಾಕಿತು. ಅನಂತರ ಸಂಸ್ಥೆಯೇ ತಡೆ ಕೋರಿ ಹೈಕೋರ್ಟಿಗೆ ಹೋಗಿ 2021ರಲ್ಲಿ ಸೋತಿತು. 2022ರ ಜುಲೈ ತಿಂಗಳ ಕರಡು ನಿರ್ಣಯದಲ್ಲಿ ಐರ್ಲೆಂಡಿನ ಪ್ರಾಧಿಕಾರ ರವಾನೆ ನಿಲ್ಲಿಸಬೇಕೆಂದಿತೇ ಹೊರತು ದಂಡ ಸೂಚಿಸಲಿಲ್ಲ. ದಂಡ ವಿಧಿಸಲೇಬೇಕೆಂದು ಮಂಡಳಿ 2023ರ ಏಪ್ರಿಲ್‌ನಲ್ಲಿ ಆದೇಶಿಸಿದ ಮೇಲೆ, ಮೇ 22ರಂದು 120 ಕೋಟಿ ಯೂರೊಗಳ ದಂಡ ಪ್ರಕಟವಾಯಿತು. ಈ ನಿಯಮಾವಳಿಯಡಿ ಅದುವರೆಗೆ ಯಾರೂ ಕಂಡಿರದ ಮೊತ್ತ ಅದು. ಆದರೆ ಮೆಟಾ ಸಂಸ್ಥೆಯ 2022ರ ವಾರ್ಷಿಕ ವರಮಾನದ ಶೇಕಡಾ 1ಕ್ಕಿಂತ ತುಸು ಹೆಚ್ಚು ಮಾತ್ರ. ರವಾನೆ ನಿಲ್ಲಿಸಲು ಕೊಟ್ಟಿದ್ದ ಗಡುವು ಮುಗಿಯುವ ಮೊದಲೇ, ಅದೇ ವರ್ಷದ ಜುಲೈ 10ರಂದು, ಆಯೋಗ ಅಮೆರಿಕದೊಂದಿಗೆ ಮೂರನೆಯ ಏರ್ಪಾಡನ್ನು ಜಾರಿಗೆ ತಂದಿತು. ದೂರು ಕೊಟ್ಟು ಹತ್ತು ವರ್ಷಗಳಾಗಿದ್ದವು. ರವಾನೆ ಒಂದು ದಿನವೂ ನಿಂತಿರಲಿಲ್ಲ.

ಮಂಡಳಿ ಐರ್ಲೆಂಡಿನ ಕೈಹಿಡಿದು ಬರೆಸಿದ ಪ್ರಕರಣ ಇದೊಂದೇ ಅಲ್ಲ. ವಾಟ್ಸ್‌ಆ್ಯಪ್ ಪ್ರಕರಣದಲ್ಲಿ 3ರಿಂದ 5 ಕೋಟಿ ಎಂದಿದ್ದ ದಂಡ 2021ರ ಸೆಪ್ಟೆಂಬರ್‌ನಲ್ಲಿ 22.5 ಕೋಟಿ ಯೂರೊ ಆದದ್ದು ಮಂಡಳಿಯ ನಿರ್ಣಯದಿಂದ. ಆ ವರ್ಷದ ಮೇ ತಿಂಗಳಲ್ಲಿ ಒಕ್ಕೂಟದ ಸಂಸತ್ತು ಐರ್ಲೆಂಡಿನ ವಿರುದ್ಧವೇ ಕ್ರಮ ಜರುಗಿಸುವಂತೆ ಆಯೋಗವನ್ನು ಕೇಳಿಕೊಂಡಿತ್ತು. ಫ್ರಾನ್ಸಿನ ಪ್ರಾಧಿಕಾರ ಬೇರೊಂದು ಉಪಾಯ ಹುಡುಕಿತು. ಕುಕಿಗಳೆಂಬ ಗುರುತುಕಡತಗಳ ವಿಷಯ 2002ರ ಬೇರೆ ನಿರ್ದೇಶದ ವ್ಯಾಪ್ತಿಗೆ ಸೇರಿದ್ದು. ಅಲ್ಲಿ ಅಗ್ರ ಪ್ರಾಧಿಕಾರದ ಕಟ್ಟಿಲ್ಲ. ಒಪ್ಪುವಷ್ಟೇ ಸುಲಭವಾಗಿ ನಿರಾಕರಿಸುವ ಅವಕಾಶ ಕೊಡಲಿಲ್ಲವೆಂದು ಅದು 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡಗಳನ್ನು ಪ್ರಕಟಿಸಿತು. ‘ಎಲ್ಲವನ್ನೂ ನಿರಾಕರಿಸು’ ಎಂಬ ಗುಂಡಿ ಯುರೋಪಿನಲ್ಲಿ ಗೂಗಲ್ಲಿನ ಪರದೆಯ ಮೇಲೆ ಕಾಣಿಸಿಕೊಂಡದ್ದು ಆ ಬಳಿಕ.

ಐರ್ಲೆಂಡಿನ ಪರವಾಗಿ ಹೇಳಬೇಕಾದದ್ದೂ ಉಂಟು. ಅಲ್ಲಿನ ಪ್ರಾಧಿಕಾರ ಆತುರದಿಂದ ಕೊಟ್ಟ ಪ್ರತಿ ಆದೇಶವೂ ನುರಿತ ವಕೀಲರ ಮುಂದೆ ನಿಲ್ಲಬೇಕು. ದಂಡ ನ್ಯಾಯಾಲಯದಲ್ಲಿ ಸ್ಥಿರಗೊಳ್ಳುವವರೆಗೆ ವಸೂಲಾಗದು. 2021ರ ಬಳಿಕ ಅದು ಇನ್‌ಸ್ಟಾಗ್ರಾಮ್‌ಗೆ 40.5 ಕೋಟಿ, ಲಿಂಕ್ಡ್‌ಇನ್‌ಗೆ 31 ಕೋಟಿ, ಚೀನಾಕ್ಕೆ ಮಾಹಿತಿ ರವಾನಿಸಿದ ಟಿಕ್‌ಟಾಕ್‌ಗೆ 2025ರ ಮೇ ತಿಂಗಳಲ್ಲಿ 53 ಕೋಟಿ ಯೂರೊ ದಂಡ ವಿಧಿಸಿದೆ. ಲಕ್ಸೆಂಬರ್ಗ್ 2021ರಲ್ಲಿ ಅಮೆಜಾನ್‌ಗೆ ವಿಧಿಸಿದ 74.6 ಕೋಟಿ ಯೂರೊಗಳ ದಂಡವನ್ನು ಅಲ್ಲಿನ ಆಡಳಿತ ನ್ಯಾಯಾಲಯ ಎತ್ತಿಹಿಡಿಯಲು 2025ರ ಮಾರ್ಚ್‌ವರೆಗೆ ಕಾಯಬೇಕಾಯಿತು. ನಿಧಾನ ಒಂದು ದೇಶದ ದೋಷ ಮಾತ್ರವಲ್ಲವೆಂಬುದು ಇದರಿಂದ ಸ್ಪಷ್ಟ.

ಸ್ವಾತಂತ್ರ್ಯದ ಪ್ರಶ್ನೆ

ಪ್ರಾಧಿಕಾರ ಉದ್ಯಮದಿಂದ ಮಾತ್ರವಲ್ಲ, ಸರ್ಕಾರದಿಂದಲೂ ದೂರವಿರಬೇಕೆಂಬುದನ್ನು ಒಕ್ಕೂಟದ ನ್ಯಾಯಾಲಯ ಮತ್ತೆಮತ್ತೆ ಹೇಳಿದೆ. 2010ರಲ್ಲಿ ಜರ್ಮನಿಯ ವಿರುದ್ಧ, 2012ರಲ್ಲಿ ಆಸ್ಟ್ರಿಯಾದ ವಿರುದ್ಧ ಅದು ತೀರ್ಪು ನೀಡಿತು. ಹಂಗೆರಿ ತನ್ನ ಆಯುಕ್ತರ ಆರು ವರ್ಷಗಳ ಅವಧಿಯನ್ನು ಅರ್ಧಕ್ಕೇ ಮೊಟಕುಗೊಳಿಸಿ 2012ರಲ್ಲಿ ಹೊಸ ಪ್ರಾಧಿಕಾರ ಸ್ಥಾಪಿಸಿದ್ದು ಕಾನೂನುಬಾಹಿರವೆಂದು 2014ರ ಏಪ್ರಿಲ್‌ನಲ್ಲಿ ಸಾರಿತು. ಅಷ್ಟರಲ್ಲಿ ಆ ಅವಧಿ ಮುಗಿಯಲು ಉಳಿದಿದ್ದುದು ಕೆಲವೇ ತಿಂಗಳು.

ಭಾರತದ ಓದುಗರಿಗೆ ಈ ಭಾಗ ವಿಶೇಷವಾಗಿ ಪ್ರಸ್ತುತ. ಖಾಸಗಿತನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತ ಪ್ರಕರಣ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನಲ್ಲಿದೆ. ಅದರ ಬೆನ್ನಿಗೆ ಬಂದ ಶ್ರೀಕೃಷ್ಣ ಸಮಿತಿಯ 2018ರ ವರದಿ ಐರೋಪ್ಯ ಮಾದರಿಯನ್ನು ವಿಸ್ತಾರವಾಗಿ ಚರ್ಚಿಸಿತು. ಆದರೆ 2023ರ ಕಾಯಿದೆ ಬೇರೆ ಹಾದಿ ಹಿಡಿಯಿತು: ಮಂಡಳಿಯ ಸದಸ್ಯರನ್ನು ಕೇಂದ್ರ ಸರ್ಕಾರವೇ ನೇಮಿಸುತ್ತದೆ, ಗರಿಷ್ಠ 250 ಕೋಟಿ ರೂಪಾಯಿಗಳ ದಂಡ ಸಂಚಿತ ನಿಧಿಗೆ ಸೇರುತ್ತದೆ. ನೊಂದ ವ್ಯಕ್ತಿಗೆ ಪರಿಹಾರ ಕೇಳುವ ಹಕ್ಕು ಐರೋಪ್ಯ ನಿಯಮಾವಳಿಯ 82ನೆಯ ವಿಧಿಯಲ್ಲಿದೆ. ಇಲ್ಲಿನ ಕಾಯಿದೆಯಲ್ಲಿ ಅದಕ್ಕೆ ಸಮನಾದುದಿಲ್ಲ. ಐರೋಪ್ಯ ಆಯೋಗ ಭಾರತಕ್ಕೆ ಸಮರ್ಪಕ ರಕ್ಷಣೆಯ ಮನ್ನಣೆ ಕೊಟ್ಟಿಲ್ಲದ ಕಾರಣ, ಯುರೋಪಿನ ಗ್ರಾಹಕರ ಮಾಹಿತಿ ಸಂಸ್ಕರಿಸುವ ಬೆಂಗಳೂರಿನ ಸಂಸ್ಥೆಗಳು ಸಾಮಾನ್ಯವಾಗಿ ಆಯೋಗವು 2021ರಲ್ಲಿ ರೂಪಿಸಿದ ಪ್ರಮಾಣಿತ ಕರಾರು ಷರತ್ತುಗಳಿಗೆ ಸಹಿ ಹಾಕಿ ಕೆಲಸ ಮಾಡುತ್ತವೆ. ಅಂದರೆ ಬೆಂಗಳೂರಿನ ಒಂದು ಕಚೇರಿಯಲ್ಲಿ ಜರ್ಮನಿಯ ಗ್ರಾಹಕನ ಕಡತಕ್ಕೆ ದೊರೆಯುವ ರಕ್ಷಣೆ ಅದೇ ಕಚೇರಿಯಲ್ಲಿ ಕೆಲಸ ಮಾಡುವ ನೌಕರನ ಸ್ವಂತ ಕಡತಕ್ಕೆ ದೊರೆಯುವ ರಕ್ಷಣೆಗಿಂತ ಭಿನ್ನ.

ಜಾರಿಯ ನಿಧಾನವನ್ನು ಒಕ್ಕೂಟವೂ ಒಪ್ಪಿಕೊಂಡಿದೆ. ಗಡಿದಾಟಿದ ಪ್ರಕರಣಗಳ ಕಾರ್ಯವಿಧಾನವನ್ನು ಕುರಿತು ಆಯೋಗ 2023ರ ಜುಲೈಯಲ್ಲಿ ಮಂಡಿಸಿದ ಪ್ರತ್ಯೇಕ ನಿಯಮಾವಳಿ 2025ರ ನವೆಂಬರ್‌ನಲ್ಲಿ ಅಂಗೀಕೃತವಾಯಿತು. 2027ರ ಏಪ್ರಿಲ್‌ನಿಂದ ಅನ್ವಯವಾಗಲಿದೆ. ಸಾಮಾನ್ಯ ತನಿಖೆಗೆ 15 ತಿಂಗಳು, ಜಟಿಲವಾದವಕ್ಕೆ ಇನ್ನೂ 12 ತಿಂಗಳು ಎಂಬ ಗಡುವನ್ನು ಅದು ಗೊತ್ತುಪಡಿಸಿದೆ. ದೂರುದಾರನ ಅಹವಾಲು ಕೇಳುವ ಕ್ರಮವನ್ನು ಎಲ್ಲ ದೇಶಗಳಿಗೂ ಸಮಾನಗೊಳಿಸಿದೆ. ಅದೇ ನವೆಂಬರ್ 19ರಂದು ಆಯೋಗ ಮೂಲ ನಿಯಮಾವಳಿಯನ್ನೇ ಸಡಿಲಿಸುವ ತಿದ್ದುಪಡಿಗಳನ್ನೂ ಮಂಡಿಸಿದ್ದು, ಸೋರಿಕೆ ವರದಿಯ 72 ಗಂಟೆಗಳನ್ನು 96ಕ್ಕೆ ಏರಿಸುವುದು ಅವುಗಳಲ್ಲೊಂದು. ಹೊಸ ಗಡುವುಗಳು ಪ್ರಾಧಿಕಾರಗಳನ್ನು ಕಟ್ಟುತ್ತವೆಯೇ ಹೊರತು ನ್ಯಾಯಾಲಯಗಳನ್ನಲ್ಲ. 2013ರ ಆ ದೂರು ಕಳೆದ ಹತ್ತು ವರ್ಷಗಳಲ್ಲಿ ಹೆಚ್ಚಿನ ಪಾಲು ಡಬ್ಲಿನ್ ಮತ್ತು ಲಕ್ಸೆಂಬರ್ಗ್‌ನ ನ್ಯಾಯಾಲಯಗಳಲ್ಲಿ ಕಳೆದಿತ್ತು; ಆ ಕಾಲವನ್ನು ಮೊಟಕುಗೊಳಿಸುವ ವಿಧಿ ಈ ಹೊಸ ನಿಯಮಾವಳಿಯಲ್ಲಿಲ್ಲ.